ಹುಚ್ಚಾಸ್ಪತ್ರೆಯ ಗೋಡೆಯಿಂದ ಶಾಲೆಯ ಕೋಣೆಯವರೆಗೆ: ಆಪ್ತಸಲಹೆಯ ಚರಿತ್ರೆ

(ಸಂಘದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಸಂಘದ ಕಾರ್ಯದರ್ಶಿಗಳು ನನ್ನನ್ನು ಆಹ್ವಾನಿಸಿದಾಗ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಮಾತನಾಡುವೆನೆಂದು ಭಾವಿಸಿದ್ದಿರಬೇಕು. ಅವುಗಳ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಇಂದು ಆರಿಸಿಕೊಂಡಿರುವುದು ಒಂದು ವೃತ್ತಿಯ ಚರಿತ್ರೆಯನ್ನು. ಆ ವೃತ್ತಿಯವರು ಬಿಳಿಯ ಕೋಟು ಧರಿಸುವುದಿಲ್ಲ, ಔಷಧದ ಚೀಟಿ ಬರೆಯುವುದಿಲ್ಲ. ಕನ್ನಡದಲ್ಲಿ ಅವರನ್ನು ಆಪ್ತಸಲಹೆಗಾರರೆಂದು ಕರೆಯುತ್ತೇವೆ. ನಮ್ಮ ಮಕ್ಕಳು ಓದುವ ಸಿಂಗಪುರದ ಪ್ರತಿಯೊಂದು ಶಾಲೆಯಲ್ಲಿಯೂ ಅಂಥವರು ಇದ್ದಾರೆ. ಆದರೆ ಅವರಿಂದ ಮನೆಗೆ ದೂರವಾಣಿ ಕರೆ ಬಂದರೆ ನಮ್ಮ ಎದೆ ನಡುಗುತ್ತದೆ. ಈ ನಡುಕಕ್ಕೂ ಒಂದು ಚರಿತ್ರೆ ಇದೆ, ಅಲ್ಲಿಂದಲೇ ಆರಂಭಿಸುತ್ತೇನೆ.

ಸಿಂಗಪುರದಲ್ಲಿ ಮಾನಸಿಕ ರೋಗಿಗಳಿಗೆಂದು ಮೊದಲ ಆಸ್ಪತ್ರೆ ತಲೆಯೆತ್ತಿದ್ದು 1841ರಲ್ಲಿ, ಬ್ರಾಸ್ ಬಸಾ ರಸ್ತೆಯ ಬಳಿ. ಬೆಂಗಳೂರಿನಲ್ಲಿ ಇಂಥದೇ ಆಶ್ರಯ 1847ರಲ್ಲಿ ಆರಂಭವಾಯಿತು. ಅದನ್ನು ಸ್ಥಾಪಿಸಿದವರು ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ವೈದ್ಯರು. ಎರಡು ಊರುಗಳ ನಡುವೆ ಕೇವಲ ಆರು ವರ್ಷಗಳ ಅಂತರ. ಎರಡರ ಉದ್ದೇಶವೂ ಒಂದೇ ಆಗಿತ್ತು: ಬೀದಿಯಲ್ಲಿ ಅಲೆಯುವವರನ್ನು ಗೋಡೆಯೊಳಗೆ ಇರಿಸುವುದು. ಚಿಕಿತ್ಸೆ ಎಂಬುದು ಆ ಕಾಲದಲ್ಲಿ ಊಟ, ವಸತಿ ಮತ್ತು ಬೀಗ ಇಷ್ಟೇ.

ಸಿಂಗಪುರದ ಮಾನಸಿಕ ಆಸ್ಪತ್ರೆ 1928ರಲ್ಲಿ ಯಿಯೋ ಚು ಕಾಂಗ್ ಪ್ರದೇಶಕ್ಕೆ ಹೋಯಿತು. ಅಲ್ಲೊಂದು ಮರದ ಸೇತುವೆ ಇದ್ದುದರಿಂದ ಹೊಕ್ಕಿಯನ್ ಮಾತಿನವರು ಆ ಜಾಗವನ್ನು 'ಪಾಂಗ್ ಕಿಯೋ' ಎನ್ನುತ್ತಿದ್ದರು. 1951ರಲ್ಲಿ ಆಸ್ಪತ್ರೆಗೆ ವುಡ್‌ಬ್ರಿಡ್ಜ್ ಎಂದು ಹೆಸರಾಯಿತು. ಪಾಪ, ಸೇತುವೆಯ ಹೆಸರೇ ಬೈಗುಳವಾಗಿಬಿಟ್ಟಿತು! ನಮ್ಮಲ್ಲಿ 'ನಿಮ್ಹಾನ್ಸ್‌ಗೆ ಸೇರಿಸಬೇಕು' ಎಂದು ಗೇಲಿ ಮಾಡುವಂತೆಯೇ ಇಲ್ಲಿಯ ಹಳಬರು 'ಪಾಂಗ್ ಕಿಯೋಗೆ ಕಳಿಸಿ' ಎನ್ನುತ್ತಿದ್ದರು. 1993ರಲ್ಲಿ ಅದು ಬುವಾಂಗ್‌ಕೋಕ್‌ನ ಹೊಸ ಕಟ್ಟಡಕ್ಕೆ ಸ್ಥಳಾಂತರವಾಗಿ ಮಾನಸಿಕ ಆರೋಗ್ಯ ಸಂಸ್ಥೆಯಾಯಿತು. ಹೆಸರು ಬದಲಾದಷ್ಟು ಬೇಗ ಜನರ ಬಾಯಿ ಬದಲಾಗುವುದಿಲ್ಲ ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಇನ್ನು ನಮ್ಮ ನಾಡಿನ ಕಥೆ ಸ್ವಲ್ಪ ವಿಸ್ತಾರವಾದುದು. ಮನಸ್ಸಿನ ಅಧ್ಯಯನ ಮೈಸೂರು ಸೀಮೆಗೆ ಆಸ್ಪತ್ರೆಯ ಬಾಗಿಲಿನಿಂದ ಮಾತ್ರ ಬರಲಿಲ್ಲ, ಕಾಲೇಜಿನ ಬಾಗಿಲಿನಿಂದಲೂ ಬಂದಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಅಭ್ಯಾಸ ಮಾಡಿ ಬಂದ ಎಂ. ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರ ನಡೆಸಿದ ಗೋಪಾಲಸ್ವಾಮಿಯವರೇ ಇವರು. ಬಾನುಲಿಗೆ ಅವರು ಮಾಡಿದ ಸೇವೆಯನ್ನು ನಾವು ನೆನೆಯುತ್ತೇವೆ. ಮನಸ್ಸಿಗೆ ಮಾಡಿದ್ದನ್ನು ಮರೆತಿದ್ದೇವೆ. ಮೈಸೂರಿನಲ್ಲಿಯೇ ಮನಶ್ಶಾಸ್ತ್ರವನ್ನು ಓದಿ ಪದವಿ ಪಡೆದ ಅನಸೂಯಾ ಶಂಕರ್ ಎಂಬ ತರುಣಿ ಮುಂದೆ ತ್ರಿವೇಣಿ ಎಂಬ ಹೆಸರಿನಲ್ಲಿ ಕಾದಂಬರಿಗಳನ್ನು ಬರೆದರು. 'ಶರಪಂಜರ'ವನ್ನು ಪುಟ್ಟಣ್ಣ ಕಣಗಾಲರು 1971ರಲ್ಲಿ ತೆರೆಗೆ ತಂದಾಗ ಕಲ್ಪನಾ ಅವರ ಕಾವೇರಿಯನ್ನು ಕಂಡು ಅಳದ ಕನ್ನಡ ಮನೆ ಯಾವುದು? ಆ ಕಥೆಯಲ್ಲಿ ಕಾವೇರಿಯ ರೋಗ ಆಸ್ಪತ್ರೆಯಲ್ಲಿ ವಾಸಿಯಾಗುತ್ತದೆ. ವಾಸಿಯಾಗದೆ ಉಳಿಯುವುದು ಮನೆಯವರ ನೋಟ. ನಾನು ಓದಿದ ವೈದ್ಯಕೀಯ ಪಠ್ಯಗಳಲ್ಲಿ ಈ ಸಂಗತಿಗೆ ಅರ್ಧ ಪುಟವೂ ಮೀಸಲಿರಲಿಲ್ಲ.

ಬೆಂಗಳೂರಿನ ಹಳೆಯ ಆಶ್ರಯ 1925ರಲ್ಲಿ ಮೈಸೂರು ಸರ್ಕಾರಿ ಮಾನಸಿಕ ಆಸ್ಪತ್ರೆಯಾಯಿತು. ಮೊದಲು ಡಾ. ನೊರೊನ್ಹಾ, ಅನಂತರ ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಅಧೀಕ್ಷಕರಾದರು. 1954ರಲ್ಲಿ ಅದೇ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಗಿ, ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರಾದರು. ಮರುವರ್ಷ ಎರಡು ಡಿಪ್ಲೊಮಾಗಳು ಆರಂಭವಾದವು: ಒಂದು ವೈದ್ಯರಿಗೆ, ಮತ್ತೊಂದು ವೈದ್ಯರಲ್ಲದ ಮನಶ್ಶಾಸ್ತ್ರಜ್ಞರಿಗೆ. ನನ್ನ ದೃಷ್ಟಿಯಲ್ಲಿ ಈ ಎರಡನೆಯ ಡಿಪ್ಲೊಮಾ ದೊಡ್ಡ ಘಟನೆ. ಔಷಧ ಕೊಡುವ ಅಧಿಕಾರವಿಲ್ಲದ ವ್ಯಕ್ತಿಯೂ ರೋಗಿಯೆದುರು ಕುಳಿತು, ಮಾತಿನಿಂದಲೇ, ಒಪ್ಪಿತ ವಿಧಾನದಿಂದ, ಉಪಶಮನ ನೀಡಬಹುದೆಂದು ಒಂದು ಸರ್ಕಾರಿ ಸಂಸ್ಥೆ ಆಗ ಒಪ್ಪಿಕೊಂಡಿತು. ಮುಂದೆ ಮನೋವೈದ್ಯಕೀಯ ಸಮಾಜಕಾರ್ಯದ ತರಬೇತಿಯೂ ಅದಕ್ಕೆ ಸೇರಿತು. 1974ರ ಡಿಸೆಂಬರ್ 27ರಂದು ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು.

ಹಾಗಾದರೆ ಅದಕ್ಕೆ ಮುನ್ನ ನಮ್ಮ ಜನ ದುಃಖವನ್ನು ಯಾರ ಬಳಿ ಹೇಳಿಕೊಳ್ಳುತ್ತಿದ್ದರು? ಇದಕ್ಕೆ ಉತ್ತರ ಬೇಕಾದವರು ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ 1976ರಲ್ಲಿ ಪ್ರಕಟಿಸಿದ, ಕರಾವಳಿಯ ಕೋಟ ಗ್ರಾಮದ ಅಧ್ಯಯನವನ್ನು ನೋಡಬೇಕು. ಹೌದು, ಶಿವರಾಮ ಕಾರಂತರು ಹುಟ್ಟಿದ ಕೋಟವೇ. ಅಲ್ಲಿ ಮೂರು ಬಗೆಯ ದೇಶೀಯ ಚಿಕಿತ್ಸಕರಿದ್ದರು: ನಾಟಿ ವೈದ್ಯ, ಮಂತ್ರವಾದಿ ಮತ್ತು ಮೈಮೇಲೆ ದೈವ ಬರುವ ಪಾತ್ರಿ. ಇಂಗ್ಲಿಷ್ ಔಷಧದ ಡಾಕ್ಟರರ ಬಳಿ ಹೋದವರೇ ಪಾತ್ರಿಯ ಬಳಿಗೂ ಹೋಗುತ್ತಿದ್ದರು. ಅದರಲ್ಲಿ ಅವರಿಗೆ ವಿರೋಧಾಭಾಸ ಕಾಣಲಿಲ್ಲ. ವೈದ್ಯನಾಗಿ ನಾನು ಮಂತ್ರವಾದವನ್ನು ಸಮರ್ಥಿಸಲಾರೆ. ಆದರೆ ಪಾತ್ರಿಯ ಎದುರು ನಿಂತ ಸೊಸೆ, ಅತ್ತೆಯ ಸಮ್ಮುಖದಲ್ಲಿಯೇ, ಮನೆಯಲ್ಲಿ ಆಡಲಾಗದ ಮಾತನ್ನು ಆಡಬಹುದಿತ್ತು. ದೈವ ಕೇಳಿತು, ಊರೂ ಕೇಳಿತು. ನಾವು ಸಮುದ್ರ ದಾಟಿ ಬಂದಾಗ ಪಾತ್ರಿ ಅಲ್ಲೇ ಉಳಿದ, ಅಜ್ಜಿಯೂ ಅಲ್ಲೇ ಉಳಿದಳು. ಆ ಸ್ಥಾನದಲ್ಲಿ ಇಲ್ಲಿ ಯಾರಿದ್ದಾರೆ?

ವಿದ್ಯಾರ್ಥಿಗಳ ಕಡೆಗೆ ಗಮನ ಹರಿದದ್ದು ತಡವಾಗಿ. 1970ರ ದಶಕದ ಕೊನೆಯಲ್ಲಿ ನಿಮ್ಹಾನ್ಸ್‌ನ ಮಾಲವಿಕಾ ಕಪೂರ್ ಮತ್ತು ಸಂಗಡಿಗರು ಬೆಂಗಳೂರಿನ ಶಾಲಾ ಉಪಾಧ್ಯಾಯರಿಗೆ ಮಕ್ಕಳ ಮನಸ್ಸಿನ ತೊಂದರೆಗಳನ್ನು ಗುರುತಿಸುವ, ಆಪ್ತಸಲಹೆ ನೀಡುವ ತರಬೇತಿಯನ್ನು ಆರಂಭಿಸಿದರು. ಪ್ರತಿದಿನ ಮಗುವನ್ನು ಕಾಣುವವರು ಮೇಷ್ಟರೇ ಅಲ್ಲವೇ! ಕನ್ನಡದಲ್ಲಿ ಈ ತಿಳಿವಳಿಕೆಯನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿ ಚನ್ನಪಟ್ಟಣದಲ್ಲಿ ಹುಟ್ಟಿದ ಡಾ. ಸಿ. ಆರ್. ಚಂದ್ರಶೇಖರ್ ಅವರಿಗೆ ಸಲ್ಲಬೇಕು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ನೂರಾರು ಪುಸ್ತಕಗಳನ್ನು ಬರೆದರು. 'ಸಮಾಧಾನ' ಎಂಬ ಉಚಿತ ಸಲಹಾ ಕೇಂದ್ರವನ್ನು ತೆರೆದು ಸಾಮಾನ್ಯ ಜನರನ್ನೇ ಆಪ್ತಸಲಹೆಗಾರರನ್ನಾಗಿ ತರಬೇತುಗೊಳಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಶಿವಮೊಗ್ಗದ ಡಾ. ಅಶೋಕ್ ಪೈ ಅವರು ಹಿಡಿದದ್ದು ಸಿನಿಮಾ ಮಾಧ್ಯಮವನ್ನು; ಅವರ ಕಥೆಯನ್ನು ಆಧರಿಸಿ ಸುರೇಶ್ ಹೆಬ್ಳೀಕರ್ 1988ರಲ್ಲಿ 'ಕಾಡಿನ ಬೆಂಕಿ'ಯನ್ನು ನಿರ್ದೇಶಿಸಿದರು.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು. ಎಂ.ಬಿ.ಬಿ.ಎಸ್. ಮುಗಿಸಿದ ಹೊಸತು. ಹಳ್ಳಿಯ ಒಬ್ಬ ತಂದೆ ಪಿ.ಯು.ಸಿ. ಓದುತ್ತಿದ್ದ ಮಗನನ್ನು ಹೊರರೋಗಿ ವಿಭಾಗಕ್ಕೆ ಕರೆತಂದರು. ತಲೆನೋವು, ನಿದ್ರೆಯಿಲ್ಲ, ಊಟ ಸೇರದು. ಪರೀಕ್ಷೆ ಮಾಡಿದೆ, ಏನೂ ಕಾಣಲಿಲ್ಲ. ಟಾನಿಕ್ ಬರೆದುಕೊಟ್ಟು, 'ಧೈರ್ಯವಾಗಿ ಓದಪ್ಪ, ಎಲ್ಲ ಸರಿಹೋಗುತ್ತೆ' ಎಂದು ಬೆನ್ನು ತಟ್ಟಿದೆ. ಮೂರು ನಿಮಿಷವೂ ಆಗಿರಲಾರದು. ಮೂರು ವಾರಗಳ ಬಳಿಕ ಅದೇ ಹುಡುಗನನ್ನು ತುರ್ತು ವಿಭಾಗಕ್ಕೆ ಹೊತ್ತು ತಂದರು. ದೇವರ ದಯೆ, ಬದುಕಿಕೊಂಡ. ಮರುದಿನ ಒಬ್ಬ ಸಮಾಜಕಾರ್ಯಕರ್ತೆ ಅವನ ಹಾಸಿಗೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಮುಕ್ಕಾಲು ಗಂಟೆ ಕುಳಿತರು. ನಾನು ದೂರದಿಂದ ನೋಡುತ್ತಿದ್ದೆ. ಆಕೆ ಹೆಚ್ಚು ಮಾತನಾಡಲೇ ಇಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಶಾಲೆಗೇ ಮೊದಲಿಗನಾಗಿದ್ದ ಹುಡುಗನಿಗೆ ಪಟ್ಟಣದ ಕಾಲೇಜಿನ ಇಂಗ್ಲಿಷ್ ಭೌತಶಾಸ್ತ್ರದ ಒಂದು ವಾಕ್ಯವೂ ಅರ್ಥವಾಗುತ್ತಿರಲಿಲ್ಲ. ತಂದೆ ಹೊಲವನ್ನು ಅಡವಿಟ್ಟಿದ್ದರು. ಇದನ್ನು ತಂದೆಗೆ ಹೇಳಲಾರ, ಡಾಕ್ಟರಿಗೆ ಹೇಳಲು ಡಾಕ್ಟರು ಕೇಳಿರಲಿಲ್ಲ. ಮುಂದೆ ಹೊರದೇಶದ ಆಸ್ಪತ್ರೆಯಲ್ಲಿ ರೆಸಿಡೆನ್ಸಿ ಮಾಡುವಾಗ ರೋಗಿಯ ಮಾತು ಕೇಳುವುದನ್ನು ಒಂದು ಪಾಠವಾಗಿ ಕಲಿಸಿದರು. ನನಗೆ ಪ್ರತಿಸಲವೂ ಆ ಸ್ಟೂಲು ನೆನಪಾಗುತ್ತಿತ್ತು.

ಸಿಂಗಪುರಕ್ಕೆ ಮರಳುತ್ತೇನೆ. ಈ ವೃತ್ತಿ ಇಲ್ಲಿ ಬೆಳೆದದ್ದು ಆಸ್ಪತ್ರೆಗಿಂತ ಹೆಚ್ಚಾಗಿ ಸೇವಾಸಂಸ್ಥೆಗಳಿಂದ. 1966ರಲ್ಲಿ ಚರ್ಚುಗಳ ಆಶ್ರಯದಲ್ಲಿ ಹುಟ್ಟಿದ ಸಲಹಾ ಕೇಂದ್ರವೇ ಇಂದಿನ ಕೌನ್ಸೆಲಿಂಗ್ ಅಂಡ್ ಕೇರ್ ಸೆಂಟರ್. ಅಲ್ಲಿ ದಶಕಗಳ ಕಾಲ ದುಡಿದು, ಒಂದು ಪೀಳಿಗೆಯ ಸಲಹೆಗಾರರನ್ನು ತಯಾರು ಮಾಡಿದ ಆಂಥನಿ ಯೋ ಅವರನ್ನು ಸಿಂಗಪುರದ ಆಪ್ತಸಲಹೆಯ ಪಿತಾಮಹರೆಂದು ಕರೆಯುವುದುಂಟು. ಅವರು 2009ರಲ್ಲಿ ತೀರಿಕೊಂಡರು. 1953ರಲ್ಲಿ ಲಂಡನ್ನಿನ ಪಾದ್ರಿ ಚಾಡ್ ವಾರಾ ಆರಂಭಿಸಿದ ಸಮಾರಿಟನ್ಸ್ ಸೇವೆಯ ಮಾದರಿಯಲ್ಲಿ 1969ರಲ್ಲಿ ಸಮಾರಿಟನ್ಸ್ ಆಫ್ ಸಿಂಗಪುರ ಆರಂಭವಾಯಿತು. 1984ರಲ್ಲಿ ಮಕ್ಕಳಿಗಾಗಿ 'ಟಿಂಕಲ್ ಫ್ರೆಂಡ್' ದೂರವಾಣಿ ಬಂದಿತು.

ಈ ಎಲ್ಲದರ ಹಿನ್ನೆಲೆಯಲ್ಲಿ ಪರೀಕ್ಷೆಯ ನೆರಳಿದೆ. ಪ್ರಾಥಮಿಕ ಶಾಲೆಯ ಅಂತಿಮ ಪರೀಕ್ಷೆ 1960ರಿಂದ ನಡೆಯುತ್ತಿದೆ. 1980ರ ಸುಮಾರಿಗೆ ಮಕ್ಕಳನ್ನು ಬೇರೆಬೇರೆ ಪಂಕ್ತಿಗಳಲ್ಲಿ ವಿಂಗಡಿಸುವ ಪದ್ಧತಿಯೂ ಬಂದಿತು. ಹನ್ನೆರಡು ವರ್ಷದ ಮಗುವಿನ ಹಣೆಬರಹವನ್ನು ಮನೆಯವರೆಲ್ಲ ಸೇರಿ ಓದುವಂತಾಯಿತು. 2000ರ ದಶಕ ಮುಗಿಯುವ ಹೊತ್ತಿಗೆ ಎಲ್ಲ ಸರ್ಕಾರಿ ಶಾಲೆಗಳಿಗೂ ಪೂರ್ಣಾವಧಿಯ ಆಪ್ತಸಲಹೆಗಾರರನ್ನು ಒದಗಿಸಲಾಯಿತು. 2007ರಲ್ಲಿ ಮಾನಸಿಕ ಆರೋಗ್ಯ ಸಂಸ್ಥೆಯ ತಂಡವೊಂದು 'ರೀಚ್' ಎಂಬ ಹೆಸರಿನಲ್ಲಿ ಶಾಲೆಗಳ ಬೆಂಬಲಕ್ಕೆ ನಿಂತಿತು. ಪರೀಕ್ಷೆಯ ಅಂಕಪದ್ಧತಿ 2021ರಲ್ಲಿ ಬದಲಾಯಿತು. ಪಂಕ್ತಿಯ ಪದ್ಧತಿ ಪ್ರೌಢಶಾಲೆಗಳಲ್ಲಿ 2024ರಿಂದ ಹೊಸದಾಗಿ ಸೇರುವವರಿಗೆ ಇಲ್ಲವಾಯಿತು. ಟ್ಯೂಷನ್ನು ಮಾತ್ರ ಹಾಗೆಯೇ ಇದೆ ಎನ್ನಿ!

ಶಾಲೆಯ ಸಲಹೆಗಾರರು ಮಾಡುವುದೇನು? ಉಪಾಧ್ಯಾಯರೋ ಸಹಪಾಠಿಯೋ ಮಗುವೇ ಸ್ವತಃ ಹೋಗಿಯೋ ವಿಷಯ ತಿಳಿಸುತ್ತಾರೆ. ಒಂದು ಕೋಣೆ, ಎರಡು ಕುರ್ಚಿ, ಅರ್ಧ ಮುಕ್ಕಾಲು ಗಂಟೆ. ಮಗು ಹೇಳಿದ್ದು ಸಾಮಾನ್ಯವಾಗಿ ಕೋಣೆಯಲ್ಲಿಯೇ ಉಳಿಯುತ್ತದೆ. ಪ್ರಾಣಕ್ಕೆ ಅಥವಾ ಮೈಗೆ ಅಪಾಯವಿದ್ದರೆ ಮಾತ್ರ ಇತರರಿಗೆ ತಿಳಿಸಬೇಕಾಗುತ್ತದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಮಾತ್ರ ಆಸ್ಪತ್ರೆಯವರ ಬಳಿಗೆ ಕಳಿಸುತ್ತಾರೆ. ನಮ್ಮ 'ಆಪ್ತಸಲಹೆ' ಎಂಬ ಪದ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ ಎಂದು ನನಗೆ ಅನ್ನಿಸಿದೆ. ಆ ವ್ಯಕ್ತಿ ಆಪ್ತರಲ್ಲ, ಹೊರಗಿನವರು. ಅದೇ ಅವರ ಅನುಕೂಲ. ಅವರು ಕೊಡುವುದು ಸಲಹೆಯೂ ಅಲ್ಲ. ಸಲಹೆ ಕೊಡಲು ಚಿಕ್ಕಪ್ಪ, ದೊಡ್ಡಮ್ಮ, ಸಂಘದ ಹಿರಿಯರು, ನನ್ನಂಥ ಡಾಕ್ಟರು ಬೇಕಾದಷ್ಟು ಮಂದಿ ಇದ್ದೇವೆ.

ನಮ್ಮವರು ನನ್ನ ಬಳಿ ಕೇಳುವ ಪ್ರಶ್ನೆಗಳು ಮೂರೇ. 'ಡಾಕ್ಟ್ರೇ, ಇದು ದಾಖಲೆಯಲ್ಲಿ ಉಳಿಯುತ್ತದೆಯೇ?' 'ಮುಂದೆ ಮದುವೆಗೆ ತೊಂದರೆಯೇ?' 'ಸಂಘದಲ್ಲಿ ಯಾರಿಗೂ ಹೇಳಬೇಡಿ.' ಕೊನೆಯದು ಪ್ರಶ್ನೆಯಲ್ಲ, ಬಿನ್ನಹ. ಆದರೆ ಅದನ್ನೇ ಮೊದಲು ಕೇಳುತ್ತಾರೆ. ಮಗುವಿಗೆ ಏನಾಗುತ್ತಿದೆ ಎಂಬ ಪ್ರಶ್ನೆ ನಾಲ್ಕನೆಯದಾಗಿ ಬಂದರೆ ಪುಣ್ಯ. ಈ ಭಯವನ್ನು ನಾನು ಹಳಿಯುವುದಿಲ್ಲ. ಸಣ್ಣ ಸಮುದಾಯದಲ್ಲಿ ಎಲ್ಲರೂ ಎಲ್ಲರನ್ನೂ ಬಲ್ಲರು. ಯುಗಾದಿಯ ಊಟದ ಪಂಕ್ತಿಯಲ್ಲಿ ಒಂದು ಪಿಸುಮಾತು ಸಾಕು.

ಕಾನೂನು ಕೂಡ ಬಹುಕಾಲ ಭಯವನ್ನೇ ಬೆಳೆಸಿತು. ಎರಡು ದೇಶಗಳ ದಂಡಸಂಹಿತೆಗಳಲ್ಲಿಯೂ 309ನೆಯ ಕಲಮು ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧವೆಂದು ಎಣಿಸುತ್ತಿತ್ತು. ಬ್ರಿಟಿಷರು ಬಿಟ್ಟುಹೋದ ಆಸ್ತಿ ಅದು. ಸಿಂಗಪುರ ಅದನ್ನು 2020ರ ಜನವರಿ 1ರಿಂದ ತೆಗೆದುಹಾಕಿತು. ಭಾರತದಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆ ಅದರ ಹಲ್ಲು ಕಿತ್ತಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಕಲಮಿಲ್ಲ. ಅಂದರೆ ನನ್ನ ಆ ಪಿ.ಯು.ಸಿ. ಹುಡುಗ ಹಾಸಿಗೆಯಲ್ಲಿ ಮಲಗಿದ್ದಾಗ ಕಾನೂನಿನ ಕಣ್ಣಿನಲ್ಲಿ ಆರೋಪಿಯಾಗಿದ್ದ. ವಾರ್ಡಿನ ಬಾಗಿಲಲ್ಲಿ ಪೊಲೀಸರು ಹೇಳಿಕೆಗಾಗಿ ಕಾದಿದ್ದರು. ಸಮಾಜಕಾರ್ಯಕರ್ತೆ ಎದ್ದುಬಂದು, ಇನ್ನೂ ಸ್ವಲ್ಪ ಹೊತ್ತು ಬೇಕೆಂದು ಅವರಿಗೆ ಹೇಳಿ, ಮತ್ತೆ ಹೋಗಿ ಕುಳಿತರು.

ಕೊನೆಯದಾಗಿ ಬರೆದಿಟ್ಟುಕೊಳ್ಳಬೇಕಾದ ಎರಡು ಸಂಖ್ಯೆಗಳು. ಇಲ್ಲಿ ಸಮಾರಿಟನ್ಸ್ ಸೇವೆಯ ಸಂಖ್ಯೆ 1767, ಹಗಲಿರುಳೂ ತೆರೆದಿರುತ್ತದೆ. ಊರಿನಲ್ಲಿ ಒಂಟಿಯಾಗಿರುವ ತಂದೆತಾಯಿಗಳಿಗೂ ಅಲ್ಲಿ ಓದುತ್ತಿರುವ ಅಣ್ಣತಮ್ಮಂದಿರ ಮಕ್ಕಳಿಗೂ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಇದೆ. ಅದರ ಸಂಖ್ಯೆ 14416. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.