ಮುದ್ದೆ ಸಾರು ಉಂಡು ಹಾಲು ಬಿಟ್ಟರೆ ಪ್ರೋಟೀನ್ ಸಾಲುತ್ತದೆಯೇ? ವೀಗನ್ ಊಟದ ಫಾರ್ವರ್ಡ್‌ಗಳಲ್ಲಿ ನಿಜವೆಷ್ಟು?

ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತಿರುತ್ತವೆ. ಮಾಂಸ, ಮೊಟ್ಟೆ, ಹಾಲು ಎಲ್ಲವನ್ನೂ ಬಿಟ್ಟವರಿಗೆ ಪ್ರೋಟೀನ್ ಸಿಗುವುದೇ ಇಲ್ಲ, ಮೈ ಸೊರಗಿಹೋಗುತ್ತದೆ ಎನ್ನುತ್ತದೆ ಒಂದು. ರಾಗಿಯಲ್ಲಿ ಹಾಲಿಗಿಂತ ಮೂರು ಪಟ್ಟು ಕ್ಯಾಲ್ಸಿಯಂ ಇದೆ, ನಮ್ಮ ತಾತಂದಿರು ಮುದ್ದೆ ಉಂಡೇ ಗಟ್ಟಿಯಾಗಿದ್ದರು, ಆದ್ದರಿಂದ ಮುದ್ದೆ ಇದ್ದರೆ ಹಾಲೂ ಬೇಡ, ಮಾತ್ರೆಯೂ ಬೇಡ ಎನ್ನುತ್ತದೆ ಇನ್ನೊಂದು. ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಿಗೆ ಎರಡನೆಯದನ್ನು ಓದಿದರೆ ಖುಷಿಯಾಗುವುದು ಸಹಜ. ನಾವು ಎರಡನ್ನೂ ಲೆಕ್ಕ ಹಾಕಿ ನೋಡಿದೆವು. ಮೊದಲನೆಯದು ಸುಳ್ಳು. ಎರಡನೆಯದರಲ್ಲಿ ಅರ್ಧ ನಿಜವಿದೆ, ಉಳಿದ ಅರ್ಧ ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ.

'ವೀಗನ್' ಎಂಬ ಪದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ತುಪ್ಪ, ಜೇನುತುಪ್ಪವನ್ನೂ ಬಿಡುವ ಕ್ರಮ ಅದು. ನಾಟಿ ಕೋಳಿ ಸಾರಿಗೂ ಬನ್ನೂರು ಕುರಿಗೂ ಹೆಸರಾದ, ಊರೂರಲ್ಲಿ ಹಾಲಿನ ಡೇರಿ ಇರುವ ಜಿಲ್ಲೆಯಲ್ಲಿ ಇದು ಯಾರ ಮಾತು ಅನ್ನಿಸಬಹುದು. ಆದರೆ ವಾರದ ದಿನಗಳ ತಟ್ಟೆಯನ್ನು ನೋಡಿ: ರಾಗಿ ಮುದ್ದೆ, ಉಪ್ಸಾರು ಅಥವಾ ಬಸ್ಸಾರು, ಕಾಳುಪಲ್ಯ, ಸೊಪ್ಪು, ಹುಚ್ಚೆಳ್ಳು ಚಟ್ನಿ. ಕೊನೆಗೆ ಅನ್ನಕ್ಕೆ ಹಾಕಿಕೊಳ್ಳುವ ಮಜ್ಜಿಗೆ ಬಿಟ್ಟರೆ ಉಳಿದದ್ದೆಲ್ಲ ವೀಗನ್ನೇ. ಹಾಲು ಬಿಡಿ ಎಂದಾಗಲಿ, ಬಿಡಬೇಡಿ ಎಂದಾಗಲಿ ನಾವಿಲ್ಲಿ ಹೇಳುತ್ತಿಲ್ಲ. ಬಿಟ್ಟವರ ತಟ್ಟೆಯಲ್ಲಿ ಏನು ಎಷ್ಟಿರಬೇಕು ಎಂಬುದಷ್ಟೇ ನಮ್ಮ ಪ್ರಶ್ನೆ.

ತೂಕ ಹಾಕಿ ನೋಡೋಣ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, 7 ಗ್ರಾಂ ಪ್ರೋಟೀನ್, 2 ಗ್ರಾಂ ಕೊಬ್ಬು ಇದೆ. ಬಿಳಿ ಅಕ್ಕಿಯಲ್ಲಿ ಪ್ರೋಟೀನ್ ಸುಮಾರು 8 ಗ್ರಾಂ, ಕಾರ್ಬೋಹೈಡ್ರೇಟ್ 78 ಗ್ರಾಂ. ಹೌದು, ಪ್ರೋಟೀನ್ ವಿಷಯದಲ್ಲಿ ರಾಗಿ ಅಕ್ಕಿಗಿಂತ ಮೇಲೇನಲ್ಲ. ನಾರು, ಕ್ಯಾಲ್ಸಿಯಂನಲ್ಲಿ ರಾಗಿಯದು ಮೇಲುಗೈ, ಅಷ್ಟೆ.

ಈಗ ಒಂದು ಸಾಮಾನ್ಯ ದಿನ: 200 ಗ್ರಾಂ ಹಿಟ್ಟಿನ ಮುದ್ದೆ, 200 ಗ್ರಾಂ ಅಕ್ಕಿಯ ಅನ್ನ, ತೆಳ್ಳನೆಯ ಸಾರಿನಲ್ಲಿ 25 ಗ್ರಾಂ ಬೇಳೆ, ಮೂರು ಚಮಚ ಎಣ್ಣೆ, ಸ್ವಲ್ಪ ತರಕಾರಿ. ಕೂಡಿಸಿದರೆ ಪ್ರೋಟೀನ್ 37 ಗ್ರಾಂ ಆಸುಪಾಸು. ಒಟ್ಟು ಶಕ್ತಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬರುವುದು ಕಾರ್ಬೋಹೈಡ್ರೇಟಿನಿಂದ. ಹೊಟ್ಟೆ ತುಂಬುತ್ತದೆ, ಆದರೆ ಮೈಗೆ ಬೇಕಾದ್ದು ಸಿಗುವುದಿಲ್ಲ.

ಬೇಕಾದ್ದೆಷ್ಟು? ಐಸಿಎಂಆರ್ 2020ರಲ್ಲಿ ನಿಗದಿ ಮಾಡಿದಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಉತ್ತಮ ಗುಣಮಟ್ಟದ ಪ್ರೋಟೀನ್ ಸಾಕು. ಧಾನ್ಯವೇ ಹೆಚ್ಚಾಗಿರುವ ಊಟವಾದರೆ ಕೆಜಿಗೆ 1 ಗ್ರಾಂ ಎಂದು ಹಿಡಿಯಬೇಕು, ಏಕೆಂದರೆ ಅದರ ಪ್ರೋಟೀನ್ ಮೈಗೆ ಪೂರ್ತಿ ಒದಗುವುದಿಲ್ಲ. 60 ಕೆಜಿ ತೂಕದವರಿಗೆ 60 ಗ್ರಾಂ. ಮೇಲಿನ ತಟ್ಟೆಯಲ್ಲಿ ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚೇ ಕೊರತೆಯಿದೆ. ಗಮನಿಸಿ, ಈ ಕೊರತೆ ವೀಗನ್ ಆಗಿದ್ದಕ್ಕೆ ಬಂದದ್ದಲ್ಲ, ಕಾಳು ಕಡಿಮೆಯಾಗಿದ್ದಕ್ಕೆ ಬಂದದ್ದು. ಭಾನುವಾರ ಮಾತ್ರ ಬಾಡೂಟ ಮಾಡುವ ಮನೆಗಳಿಗೂ ವಾರದ ಉಳಿದ ಆರು ದಿನ ಇದೇ ಲೆಕ್ಕ ಅನ್ವಯಿಸುತ್ತದೆ.

ಅದೇ ತಟ್ಟೆಯಲ್ಲಿ ಅಕ್ಕಿಯನ್ನು 100 ಗ್ರಾಂಗೆ ಇಳಿಸಿ. ಕಾಳು, ಬೇಳೆಯನ್ನು 85 ಗ್ರಾಂಗೆ ಏರಿಸಿ (2,000 ಕ್ಯಾಲೊರಿಯ ಊಟಕ್ಕೆ 2024ರ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಹೇಳುವ ಪ್ರಮಾಣವೂ ಇದೇ). ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಕಾಯಿ ಬೀಜ, ಸೊಪ್ಪು ತರಕಾರಿ 400 ಗ್ರಾಂ ಸೇರಿಸಿ. ಪ್ರೋಟೀನ್ 50 ಗ್ರಾಂ ದಾಟುತ್ತದೆ. ಮಾರ್ಗಸೂಚಿಯಲ್ಲಿರುವ 300 ಮಿಲಿ ಹಾಲು ಕೊಡುತ್ತಿದ್ದ ಸುಮಾರು 10 ಗ್ರಾಂ ಪ್ರೋಟೀನಿಗೆ ಬದಲಾಗಿ ಇನ್ನೊಂದೂವರೆ ಹಿಡಿ ಕಾಳು ಅಥವಾ 20 ಗ್ರಾಂ ಸೋಯಾ ಚಂಕ್ಸ್ ಹಾಕಿದರೆ 60 ತಲುಪುತ್ತದೆ. ಪ್ರೋಟೀನ್ ಪೌಡರಿನ ಡಬ್ಬಿ ಬೇಕಿಲ್ಲ.

ಹುರುಳಿ, ಹೆಸರುಕಾಳು, ಅಲಸಂದೆ, ತೊಗರಿ ಎಲ್ಲದರಲ್ಲೂ 100 ಗ್ರಾಂಗೆ 21-22 ಗ್ರಾಂ ಪ್ರೋಟೀನ್ ಇದೆ. ಒಣ ಅವರೆಯಲ್ಲಿ 20 ಗ್ರಾಂ ಹತ್ತಿರ. ದುಬಾರಿ ಕಿನೋವಾ ತರಿಸುವ ಮೊದಲು ಮಳವಳ್ಳಿ ಕಡೆಯ ಬೆದ್ದಲು ಹೊಲದ ಹುರುಳಿಯನ್ನು ನೆನೆಯಬೇಕು. ದನಕ್ಕೆ ಹಾಕುವುದು ಎಂದು ಅದನ್ನು ಕೀಳಾಗಿ ಕಾಣುವವರೂ ಇದ್ದಾರೆ. ಇದು ನಮಗೆ ಸ್ವಲ್ಪ ಬೇಸರದ ಸಂಗತಿ.

ಸತ್ವ ಕಟ್ಟಿನಲ್ಲೋ, ಕಾಳಿನಲ್ಲೋ?

'ಕಾಳು ಬೇಯಿಸಿ ಬಸಿದ ಕಟ್ಟಿನಲ್ಲೇ ಎಲ್ಲ ಸತ್ವ ಇರುತ್ತದೆ' ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಕಟ್ಟಿಗೆ ಇಳಿಯುವುದು ಕೆಲವು ಖನಿಜಾಂಶ, ನೀರಿನಲ್ಲಿ ಕರಗುವ ಬಿ ಗುಂಪಿನ ವಿಟಮಿನ್‌ಗಳು, ಸ್ವಲ್ಪ ಪ್ರೋಟೀನ್. ಬಹುಪಾಲು ಪ್ರೋಟೀನ್ ಉಳಿಯುವುದು ಬಸಿದ ಕಾಳಿನಲ್ಲೇ. ಆದ್ದರಿಂದ ಕಟ್ಟನ್ನು ಚೆಲ್ಲಬಾರದು ಎಂಬುದು ಸರಿ, ಕಟ್ಟಿದ್ದರೆ ಸಾಕು ಎಂಬುದು ತಪ್ಪು.

ಮನೆಯಲ್ಲಿ ಇದರ ಪರಿಣಾಮ ಎಲ್ಲರಿಗೂ ಒಂದೇ ಅಲ್ಲ. ಗಂಡಸರು, ಮಕ್ಕಳು, ಬಂದ ನೆಂಟರು ಉಂಡೆದ್ದ ಮೇಲೆ ಕೊನೆಗೆ ಕೂರುವವರ ಪಾಲಿಗೆ ಎಷ್ಟೋ ಮನೆಗಳಲ್ಲಿ ಉಳಿಯುವುದು ಮುದ್ದೆ ಮತ್ತು ಸಾರು. ಪಲ್ಯ ಖಾಲಿಯಾಗಿರುತ್ತದೆ. ಹಾಲು, ಮೊಸರು ಬಿಟ್ಟವರು ಅವರೇ ಆಗಿದ್ದರೆ ಲೆಕ್ಕ ಇನ್ನಷ್ಟು ಕೆಡುತ್ತದೆ. ಕಾಳುಪಲ್ಯದಲ್ಲಿ ಅವರ ಪಾಲನ್ನು ಮೊದಲೇ ತೆಗೆದಿಡುವುದು ಯಾವ ಪೌಡರಿಗಿಂತಲೂ ಒಳ್ಳೆಯ ಉಪಾಯ.

ಒಂದೇ ಹೊತ್ತಿಗೆ ಬೆರೆಸಲೇಬೇಕೆ?

ಧಾನ್ಯಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ, ಆದರೆ ಮೆಥಿಯೋನಿನ್ ಕಡಿಮೆ. ರಾಗಿಯಲ್ಲಿ ಮೆಥಿಯೋನಿನ್ ಚೆನ್ನಾಗಿದೆ. ಮುದ್ದೆಗೆ ಕಾಳುಸಾರು ಜೋಡಿಯಾಗುವುದು ಹೀಗೆ. ಇವೆರಡನ್ನೂ ಒಂದೇ ಊಟದಲ್ಲಿ ಸೇರಿಸದಿದ್ದರೆ ಪ್ರೋಟೀನ್ ವ್ಯರ್ಥ ಎಂಬ ನಂಬಿಕೆ ಹರಡಿದ್ದು 1971ರಲ್ಲಿ ಬಂದ ಫ್ರಾನ್ಸಿಸ್ ಮೂರ್ ಲಾಪೆ ಅವರ ಪುಸ್ತಕದಿಂದ. ಹತ್ತು ವರ್ಷದ ನಂತರದ ಆವೃತ್ತಿಯಲ್ಲಿ ಲೇಖಕಿಯೇ ಅದನ್ನು ತಿದ್ದಿಕೊಂಡರು. ಬೆಳಿಗ್ಗೆ ರಾಗಿ ರೊಟ್ಟಿ, ರಾತ್ರಿ ಹೆಸರುಕಾಳು ಉಂಡರೂ ನಡೆಯುತ್ತದೆ. ತಿದ್ದುಪಡಿ ಬಂದು ನಾಲ್ಕು ದಶಕ ಕಳೆದರೂ ಫಾರ್ವರ್ಡ್ ಮಾತ್ರ ಹಳೆಯದೇ ಓಡುತ್ತಿದೆ.

ಕೊಬ್ಬಿನ ಪಾಲು

ಮೊದಲಿನ ತಟ್ಟೆಯಲ್ಲಿ ಕೊಬ್ಬಿನಿಂದ ಬರುವ ಶಕ್ತಿ ಶೇ 11ರಷ್ಟು ಮಾತ್ರ. ತಿದ್ದಿದ ತಟ್ಟೆಗೆ ನಾಲ್ಕು ಚಮಚ ಎಣ್ಣೆ, ಒಂದಿಷ್ಟು ತೆಂಗಿನತುರಿ ಹಾಕಿದರೆ ಶೇ 20 ದಾಟುತ್ತದೆ. ಶೇ 30ರೊಳಗೆ ಇದ್ದರೆ ಸಾಕು. ಎಣ್ಣೆಗಿಂತ ಬೀಜಗಳಿಂದ ಬರುವ ಕೊಬ್ಬು ವಾಸಿ, ಜೊತೆಗೆ ಪ್ರೋಟೀನೂ ಸಿಗುತ್ತದೆ. ಕಡಲೆಕಾಯಿ ಬೀಜದಲ್ಲಿ ಸುಮಾರು 40 ಗ್ರಾಂ ಕೊಬ್ಬು, 24 ಗ್ರಾಂ ಪ್ರೋಟೀನ್. ಹುಚ್ಚೆಳ್ಳಿನಲ್ಲೂ ಕೊಬ್ಬು ಹೆಚ್ಚುಕಡಿಮೆ ಅಷ್ಟೇ. ಮೀನು ಬಿಟ್ಟವರಿಗೆ ಒಮೆಗಾ-3 ಕೊಡುವ ಅಗ್ಗದ ಪದಾರ್ಥ ಅಗಸೆ ಬೀಜ. ಹುರಿದು ಪುಡಿ ಮಾಡಿ ಚಟ್ನಿಪುಡಿಗೆ ಸೇರಿಸಿ, ಇಡಿಯಾಗಿ ನುಂಗಿದರೆ ಜೀರ್ಣವಾಗದೆ ಹೊರಹೋಗುತ್ತದೆ.

ವೀಗನ್ ಎಂದ ಮಾತ್ರಕ್ಕೆ ಸಮತೋಲನದ ಊಟ ಎಂದಲ್ಲ. ಹಿಟ್ಟಿಗೆ ಬೆಣ್ಣೆ, ತುಪ್ಪ ಹಾಕದಿದ್ದರೆ ನಮ್ಮ ಮದ್ದೂರು ವಡೆಯೂ ವೀಗನ್ನೇ. ಅಕ್ಕಿಹಿಟ್ಟು, ರವೆ, ಮೈದಾ, ಈರುಳ್ಳಿ, ಕರಿದ ಎಣ್ಣೆ: ರುಚಿಗೆ ಎರಡು ಮಾತಿಲ್ಲ, ಪ್ರೋಟೀನ್ ಮಾತ್ರ ಹುಡುಕಬೇಡಿ. ಮಂಡ್ಯದ ಸಾವಯವ ಬೆಲ್ಲವೂ ಮೈಗೆ ಸಕ್ಕರೆಯೇ.

ರಾಗಿಯ ಕ್ಯಾಲ್ಸಿಯಂ ಮತ್ತು ಮೂರು ಪಟ್ಟಿನ ಮಾತು

100 ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ, ಹಸುವಿನ ಹಾಲಿನಲ್ಲಿ 120 ಮಿಲಿಗ್ರಾಂ ಕ್ಯಾಲ್ಸಿಯಂ. ಮೂರು ಪಟ್ಟು ಎಂಬುದು ಸುಳ್ಳಲ್ಲ. ಆದರೆ ಒಂದು ಒಣ ಹಿಟ್ಟು, ಇನ್ನೊಂದು ನೀರೇ ಹೆಚ್ಚಿರುವ ಹಾಲು. ಹಿಟ್ಟಿಗೆ ಎರಡರಷ್ಟು ನೀರು ಹಾಕಿ ತೊಳೆಸಿದ ಮುದ್ದೆಯನ್ನು ತೂಗಿ ನೋಡಿದರೆ 100 ಗ್ರಾಂಗೆ 120 ಮಿಲಿಗ್ರಾಂ, ಅಲ್ಲಿಗೆ ಎರಡೂ ಸಮ. ರಾಗಿಯ ಫೈಟೇಟ್, ಆಕ್ಸಲೇಟ್‌ಗಳು ಅದರಲ್ಲೂ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಕಟ್ಟಿಸಿದರೆ ಈ ಹಿಡಿತ ಸಡಿಲವಾಗುತ್ತದೆ. ಇಷ್ಟಾದರೂ ದಿನಕ್ಕೆ ಎರಡು ಮುದ್ದೆ, ನುಗ್ಗೆಸೊಪ್ಪು, ಎಳ್ಳು ಇದ್ದರೆ ದಿನದ 1,000 ಮಿಲಿಗ್ರಾಂ ಗುರಿ ದೂರವಿಲ್ಲ. ಊಟವಾದ ಕೂಡಲೇ ಕಾಫಿ, ಟೀ ಕುಡಿಯಬೇಡಿ, ಅದು ಕಬ್ಬಿಣಾಂಶಕ್ಕೆ ಅಡ್ಡ ಬರುತ್ತದೆ. ನಿಂಬೆರಸ ಅದಕ್ಕೆ ನೆರವಾಗುತ್ತದೆ.

ಸಸ್ಯದಿಂದ ಸಿಗದ ಒಂದು ಪೋಷಕಾಂಶ

'ಮಾತ್ರೆಯೂ ಬೇಡ' ಎಂಬ ಸಾಲು ಅಪಾಯಕಾರಿ ಎಂದದ್ದು ವಿಟಮಿನ್ ಬಿ12 ಕಾರಣಕ್ಕೆ. ರಾಗಿ, ಹುರುಳಿ, ಸೊಪ್ಪು ಯಾವುದರಲ್ಲೂ ಇದಿಲ್ಲ. ಹುಳಿ ಬರಿಸಿದ ಅಂಬಲಿ, ಇಡ್ಲಿ ಹಿಟ್ಟನ್ನು ನೆಚ್ಚುವಂತಿಲ್ಲ. ಸ್ಪಿರುಲಿನಾದಲ್ಲಿರುವುದು ಬಹುಪಾಲು ನಮ್ಮ ಮೈ ಬಳಸಲಾರದ ರೂಪ. ಮುದ್ದೆ ಉಂಡು ಗಟ್ಟಿಯಾಗಿದ್ದ ತಾತ ಮಜ್ಜಿಗೆಯನ್ನೂ ಕುಡಿಯುತ್ತಿದ್ದರು, ಹಬ್ಬಕ್ಕೆ ಬಾಡನ್ನೂ ಉಣ್ಣುತ್ತಿದ್ದರು ಎಂಬುದನ್ನು ಫಾರ್ವರ್ಡ್ ಬರೆದವರು ಮರೆತಿದ್ದಾರೆ.

ಪಿತ್ತಜನಕಾಂಗದಲ್ಲಿ ಬಿ12 ದಾಸ್ತಾನು ಇರುವುದರಿಂದ ಹಾಲು ಬಿಟ್ಟ ಕೆಲವು ವರ್ಷಗಳವರೆಗೆ ಏನೂ ಗೊತ್ತಾಗದೇ ಇರಬಹುದು. ನಂತರ ಸುಸ್ತು, ಕೈಕಾಲು ಜುಮುಗುಟ್ಟುವುದು, ಮರೆವು, ನಡೆಯುವಾಗ ತೂರಾಡುವುದು. ತಡವಾದರೆ ನರಕ್ಕಾದ ಹಾನಿ ಪೂರ್ತಿ ಸರಿಹೋಗದಿರಬಹುದು. ಹೆಚ್ಚು ಚಿಂತೆ ಬೇಕಿರುವುದು ಗರ್ಭಿಣಿಯರು, ಬಾಣಂತಿಯರ ಬಗ್ಗೆ. ತಾಯಿಯಲ್ಲಿ ಬಿ12 ಕೊರತೆಯಿದ್ದರೆ ಎದೆಹಾಲು ಮಾತ್ರ ಕುಡಿಯುವ ಕೂಸಿಗೆ ಬೇರೆ ದಾರಿಯಿಲ್ಲ. ಮಗು ಮಂಕಾಗಬಹುದು, ಕಲಿತ ಚಟುವಟಿಕೆಯನ್ನೇ ಮರೆಯಬಹುದು.

ಕೊರತೆಯನ್ನು ರಕ್ತ ಪರೀಕ್ಷೆಯಲ್ಲಿ ಕಂಡುಹಿಡಿಯಬಹುದು, ಬಿ12 ಮಾತ್ರೆ ಮೆಡಿಕಲ್ ಸ್ಟೋರ್‌ಗಳಲ್ಲಿ ಸಿಗುತ್ತದೆ. ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ವೈದ್ಯರು ಹೇಳಬೇಕು. ಅವರ ಬಳಿ ಹೋದಾಗ ಹಾಲು, ಮೊಟ್ಟೆ, ಮಾಂಸ ಬಿಟ್ಟು ಎಷ್ಟು ವರ್ಷವಾಯಿತು ಎಂಬುದನ್ನು ಮೊದಲೇ ತಿಳಿಸಿ. ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ, ಏಕೆಂದರೆ ಅದು ರಕ್ತಹೀನತೆಯನ್ನು ಸರಿಪಡಿಸಿ ಬಿ12 ಕೊರತೆ ಕಣ್ಣಿಗೆ ಬೀಳದಂತೆ ಮಾಡಬಲ್ಲದು. ಮೂತ್ರಪಿಂಡದ ತೊಂದರೆ ಇರುವವರು ಮೇಲೆ ಹೇಳಿದ ಕಾಳಿನ ಪ್ರಮಾಣವನ್ನೂ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.