ತುರುಬಿನಾಗಿನ ಬೆಳ್ಳಿ ಪಿನ್ನು

ಅಕ್ಕಂದಿರ, ವೈನ್ಯಾರ, ತುರುಬಿನ ಪಿನ್ನು ಒಮ್ಮೆನೂ ಕಳಕೊಳ್ಳದಾಕಿ ನಮ್ಮಾಗ ಯಾರರ ಇದ್ದೀರೇನು? ಹಾಸಿಗ್ಯಾಗ, ಬಚ್ಚಲದಾಗ, ಬಸ್ಸಿನಾಗ ಎಲ್ಲೋ ಬಿದ್ದು ಹೋಗಿರತದ. ಹಿಂಗ ಬಿದ್ದ ಪಿನ್ನುಗಳನ್ನ ಹಿಡಕೊಂಡೇ ಇಂಗ್ಲೆಂಡಿನ ಹಳೇ ಕಾಲದ ಹೆಣ್ಣುಮಕ್ಕಳ ಕತಿ ಹೇಳತಾರ ನೋಡ್ರಿ.

ಕ್ರಿ.ಶ. 43ರಿಂದ ಸುಮಾರು 410ರ ತನಕ ಅಲ್ಲೆ ರೋಮನ್ನರ ಆಳ್ವಿಕೆ ಇತ್ತು. ಆಗಿನ ಹೆಣ್ಣುಮಕ್ಕಳು ಒಂದೇ ಕಡ್ಡಿಯ ಪಿನ್ನು ಸಿಗಿಸಿಕೋತಿದ್ದರು. ಸಾಮಾನ್ಯ ಮಂದಿಗೆ ಎಲುಬಿಂದು, ಉಳ್ಳವರಿಗೆ ಬೆಳ್ಳಿದು, ಇಲ್ಲಾ ಜೆಟ್ ಅನ್ನೋ ಕರೀ ಕಲ್ಲಿಂದು. ಆಕಾರ ನೋಡೇ ಕಾಲ ಗುರ್ತಿಸತಾರ. ಮೊದಮೊದಲಿನವು ಹೆಚ್ಚಾಗಿ ಉದ್ದ, ತುದಿ ತನಕ ಚೂಪಾಗುತ್ತ ಹೋಗತಾವ. ಸುಮಾರು 200ರ ಈಚಿನವು ಗಿಡ್ಡ, ನಡುವ ಒಂಚೂರು ಉಬ್ಬಿರತಾವ. ಉಬ್ಬು ಯಾಕ ಅಂದ್ರ, ಸಿಗಿಸಿದ್ದು ಜಾರಬಾರದು ಅಂತ.

ಈಗ ಹೊಲದಾಗ ಯಾರಿಗರ ಬೆಳ್ಳಿ ಪಿನ್ನು ಸಿಕ್ತು ಅನ್ಕೋರಿ. ಅಲ್ಲಿಯ 1996ರ ನಿಧಿ ಕಾಯ್ದೆ ಪ್ರಕಾರ, 300 ವರ್ಷಕ್ಕಿಂತ ಹಳೇದಾದ, ತೂಕದಾಗ ನೂರಕ್ಕ 10 ಪಾಲರ ಬೆಳ್ಳಿ-ಬಂಗಾರ ಇದ್ದ ವಸ್ತು ನಿಧಿ ಅನಿಸಿಕೋತದ. 14 ದಿನದೊಳಗ ಕೊರೊನರಿಗೆ ತಿಳಿಸಬೇಕು. ಅನುಮಾನದ ಸಾವಿನ ವಿಚಾರಣಿ ಮಾಡೋ ಅಧಿಕಾರಿನೇ ಈ ಪಿನ್ನಿನ ವಿಚಾರಣಿನೂ ಮಾಡತಾರ! ಎಲುಬಿನ ಪಿನ್ನು ಒಂದೇ ಸಿಕ್ಕರ ಸಾಮಾನ್ಯವಾಗಿ ಇಷ್ಟು ಮರ್ಯಾದಿ ಇಲ್ಲ. ಕಾಯ್ದೆ ಬೆಳ್ಳಿ ನೋಡತದ. ಆದರ ತುರುಬು ಕಟ್ಟಿದ ಕೈ ಎರಡೂ ಕಡೆ ಒಂದೇ ಅಲ್ಲೇನ್ರಿ?

ಪಿನ್ನು ಉಳೀತಾವ, ಕೂದಲಾ ಮಣ್ಣಾಗ ಕರಗಿ ಹೋಗತದ. ಅದಕ್ಕ ಯಾರ್ಕ್ ಊರಿಂದು ಅಪರೂಪದ ಸಂಗತಿ. 1875ರಾಗ ಅಲ್ಲೆ ರೈಲ್ವೆ ಸ್ಟೇಷನ್ನಿನ ಕೆಲಸ ನಡದಾಗ ರೋಮನ್ ಕಾಲದ ಒಬ್ಬಾಕಿ ಗೋರಿ ಸಿಕ್ತು. ಆಕಿಯ ಕೆಂಚು ಕೂದಲಾ ಹಂಗೇ ಇತ್ತು. ತುರುಬು ಕಟ್ಟಿದ್ದು ಕಟ್ಟಿಧಾಂಗ, ಜೆಟ್ ಪಿನ್ನು ಸಿಗಿಸಿದ್ದು ಸಿಗಿಸಿಧಾಂಗ. ಈಗೂ ಯಾರ್ಕ್‌ಶೈರ್ ಮ್ಯೂಸಿಯಮ್ಮಿನಾಗ ಅದ.

ಇದೇ ಯಾರ್ಕಿನಾಗ 211ರಾಗ ಸೆಪ್ಟಿಮಿಯಸ್ ಸೆವೆರಸ್ ಅನ್ನೋ ಚಕ್ರವರ್ತಿ ತೀರಿಕೊಂಡ. ಅವನ ಹೆಂಡತಿ ಜೂಲಿಯಾ ಡೊಮ್ನಾ. ಆಕಿ ಮೂರ್ತಿಗಳೊಳಗ ಕೂದಲಾ ಎಷ್ಟು ದಟ್ಟ, ಎಷ್ಟು ಸುತ್ತು ಅಂದ್ರ, ಇದು ಸ್ವಂತ ಕೂದಲಲ್ಲ, ಟೋಪನ್ನೇ ಇರಬೇಕು ಅಂತ ಭಾಳ ಮಂದಿ ಪಂಡಿತರು ಬರೆದಿದ್ದರು. ಅಮೆರಿಕಾದ ಬಾಲ್ಟಿಮೋರಿನ ಮ್ಯೂಸಿಯಮ್ಮಿನಾಗ ಆಕಿ ಮೂರ್ತಿ ನೋಡಿದ ಜ್ಯಾನೆಟ್ ಸ್ಟೀಫನ್ಸ್ ಮಾತ್ರ ಹಂಗಂತ ಸುಮ್ಮನ ಕೂಡಲಿಲ್ಲ. ಈಕಿ ಪ್ರೊಫೆಸರ್ ಅಲ್ಲ, ತಲಿ ಬಾಚೋ ಕೆಲಸದಾಕಿ. ಮನ್ಯಾಗ ಮಾಡಿ ನೋಡಿದಳು. ಒಂಟಿ ಕಡ್ಡಿ ಪಿನ್ನಿಗೆ ಆ ಭಾರ ನಿಲ್ಲವಲ್ದು. ಆಮ್ಯಾಲೆ ಹಳೇ ಗ್ರಂಥಗಳನ್ನ ಹುಡುಕಿದಳು. ತಲಿ ಬಾಚೋ ಮಾತು ಬಂದಲ್ಲೆ ಲ್ಯಾಟಿನ್ನಿನಾಗ ‘ಆಕುಸ್’ ಅಂತ ಅದ. ಓದಿದವರು ಅದನ್ನ ಪಿನ್ನು ಅಂತ ತಿಳಕೊಂಡಿದ್ದರು. ಆದರ ಹೊಲಿಯೋ ಸೂಜಿಗೂ ಅದೇ ಹೆಸರು! ಸೂಜಿ-ದಾರ ತಗೊಂಡು ಕೂದಲಾ ಹೊಲದಳು, ಸ್ವಂತ ಕೂದಲದಾಗೇ ಶೃಂಗಾರ ನಿಂತಿತು. 2008ರಾಗ ರೋಮನ್ ಪುರಾತತ್ವದ ದೊಡ್ಡ ಪತ್ರಿಕಿಯೊಳಗ ಆಕಿ ಲೇಖನ ಬಂತು.

ಮೊಗ್ಗಿನ ಜಡಿ ಹೊಲದ ನಮ್ಮ ಅಜ್ಜಿಗಳಿಗೆ ಇದನ್ನ ಹೇಳಿದ್ರ, “ಅದರಾಗೇನದ, ಸೂಜಿ ಇಲ್ದ ಹೆಂಗ ನಿಲ್ಲತದ?” ಅಂತಿದ್ದರು. ದಿನಾ ಮಾಡೋ ಕೆಲಸ ಅಂತ ಯಾರೂ ಬರೆದಿಡೂದಿಲ್ಲ, ಬರೆಯೋರಿಗೆ ಆ ಕೆಲಸ ಗೊತ್ತಿರೂದಿಲ್ಲ. ಅದಕ್ಕ, ಮನ್ಯಾಗ ಹಿರಿಯರು ಇದ್ರ ಕೇಳ್ರಿ. ಚವರಿ ಹೆಂಗ ಸೇರಸತಿದ್ದರು, ದಾರ ಎಲ್ಲೆ ಗಂಟು ಹಾಕತಿದ್ದರು, ಭಾರದ ಜಡಿಬಿಲ್ಲೆ ಜಾರದ್ಹಾಂಗ ಏನು ಮಾಡತಿದ್ದರು. ಕೇಳಿದ್ದನ್ನ ಒಂದು ವಹಿಯೊಳಗ ಬರೆದಿಡ್ರಿ. ಬೆಳ್ಳಿ ಹೆಂಗೂ ಉಳೀತದ.