ನಿರುದ್ಯೋಗಿಗಳ ಕಾಲೇಜು ಪ್ರವೇಶ ಮತ್ತು ನೆರವಿನ ಅರ್ಹತೆ (ಥಾಣೆ ಜಿಲ್ಲೆ)

ಥಾಣೆ, ಡೊಂಬಿವಲಿ, ಕಲ್ಯಾಣ್ ಮತ್ತು ನವಿ ಮುಂಬಯಿಗಳಲ್ಲಿ ಕೆಲಸವಿಲ್ಲದವರು ಕಾಲೇಜು ಸೇರುವಾಗ ಅನ್ವಯಿಸುವ ಸರ್ಕಾರಿ ನೆರವಿನ ನಿಯಮಗಳು ಎರಡು ಕವಲುಗಳಲ್ಲಿ ಬೆಳೆದಿವೆ. ನಿರುದ್ಯೋಗ ನೆರವು ಅರ್ಜಿದಾರರ ದುಡಿಮೆಯನ್ನು ನೋಡುತ್ತದೆ. ವಿದ್ಯಾರ್ಥಿವೇತನ ಮನೆಯ ಆದಾಯವನ್ನು ನೋಡುತ್ತದೆ.

ಮಹಾರಾಷ್ಟ್ರದ 1977ರ ಉದ್ಯೋಗ ಖಾತರಿ ಕಾಯ್ದೆಯು 15 ದಿನಗಳಲ್ಲಿ ಕೆಲಸ ಸಿಗದಿದ್ದರೆ ಭತ್ಯೆ ಕೊಡಬೇಕೆಂದಿತು. ಅದು ಗ್ರಾಮೀಣ ಕೂಲಿ ಕೆಲಸಕ್ಕೆ ಸಂಬಂಧಿಸಿದ್ದರಿಂದ ಈ ನಗರಗಳ ನಿರುದ್ಯೋಗಿಗಳಿಗೆ ಒದಗಲಿಲ್ಲ. ಕಾರ್ಖಾನೆ ಮುಚ್ಚಿ ಕೆಲಸ ಕಳೆದುಕೊಂಡ ವಿಮಾದಾರರಿಗೆ 2005ರ ಏಪ್ರಿಲ್ 1ರಿಂದ ಇಎಸ್‌ಐ ನಿಗಮದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯಡಿ ಭತ್ಯೆ ದೊರೆಯಿತು. 2018ರ ಜುಲೈ 1ರಂದು ಬಂದ ಅಟಲ್ ವಿಮಾ ವ್ಯಕ್ತಿ ಕಲ್ಯಾಣ ಯೋಜನೆ 90 ದಿನಗಳವರೆಗೆ ಸರಾಸರಿ ದಿನಗೂಲಿಯ ಶೇ. 25ರಷ್ಟು ಕೊಡುತ್ತಿತ್ತು, ಕೋವಿಡ್ ಕಾಲದಲ್ಲಿ ಅದು ಶೇ. 50ಕ್ಕೇರಿತು. ಎರಡರಲ್ಲೂ ವಂತಿಗೆಯ ದಾಖಲೆಯೇ ಮುಖ್ಯ. ಹೀಗಾಗಿ ಇನ್ನೂ ಕೆಲಸಕ್ಕೇ ಸೇರದವರು ಹೊರಗುಳಿದರು.

ವಿದ್ಯಾರ್ಥಿವೇತನದ ಕವಲು ಹಳೆಯದು. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವೇತನ 1944ರಲ್ಲಿ ಆರಂಭವಾಯಿತು. ಅದರ ನಿಯಮಾವಳಿಯಲ್ಲಿ ಅರ್ಜಿದಾರರ ನಿರುದ್ಯೋಗ ತಾನಾಗಿ ಅರ್ಹತೆಯಲ್ಲ. ತಂದೆತಾಯಿಯ ಆದಾಯ ಲೆಕ್ಕಕ್ಕೆ ಬರುತ್ತದೆ, ವಿವಾಹಿತ ನಿರುದ್ಯೋಗಿ ವಿದ್ಯಾರ್ಥಿನಿಯಾದರೆ ಗಂಡನದು. ರಾಜ್ಯದ ರಾಜರ್ಷಿ ಛತ್ರಪತಿ ಶಾಹು ಮಹಾರಾಜ್ ಶುಲ್ಕ ಯೋಜನೆಯ ಆದಾಯ ಮಿತಿ ಹಂತಹಂತವಾಗಿ 8 ಲಕ್ಷ ರೂಪಾಯಿಗೇರಿತು. ಆದರೆ ದೂರಶಿಕ್ಷಣ ಮತ್ತು ಅರೆಕಾಲಿಕ ಕೋರ್ಸುಗಳನ್ನು ಅದು ಒಳಗೊಳ್ಳುವುದಿಲ್ಲ. ಕೆಲಸ ಹುಡುಕುತ್ತಲೇ ಓದಬಯಸುವ ವಯಸ್ಕರಿಗೆ ಅನುಕೂಲವಾಗುವ ಓದಿನ ಕ್ರಮಗಳು ಇವೇ.

ಹೆಚ್ಚು ಗೊಂದಲವಿರುವುದು 2024ರ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆಯ ಬಗ್ಗೆ. 'ಲಾಡ್ಕಾ ಭಾವೂ' ಎಂದು ಜನಜನಿತವಾದ ಇದನ್ನು ಅನೇಕರು ನಿರುದ್ಯೋಗ ಭತ್ಯೆ ಎಂದೇ ಬಗೆದರು. ವಾಸ್ತವದಲ್ಲಿ ಇದು ಕೆಲಸದ ಸ್ಥಳದಲ್ಲೇ ಪಡೆಯುವ ತರಬೇತಿಗೆ ನೀಡುವ ವೇತನ: 12ನೇ ತರಗತಿ ಪಾಸಾದವರಿಗೆ ತಿಂಗಳಿಗೆ 6,000, ಐಟಿಐ ಅಥವಾ ಡಿಪ್ಲೊಮಾದವರಿಗೆ 8,000, ಪದವೀಧರರಿಗೆ 10,000 ರೂಪಾಯಿ. ವಯಸ್ಸು 18ರಿಂದ 35. ಆರಂಭದಲ್ಲಿ ಅವಧಿ ಆರು ತಿಂಗಳು. ಓದು ಮುಂದುವರಿಸುತ್ತಿರುವವರು ಅರ್ಹರಲ್ಲ ಎಂಬ ಷರತ್ತಿನಿಂದ ಕವಲುಗಳ ನಡುವಿನ ಗೆರೆ ಸ್ಪಷ್ಟವಾಯಿತು. ಅದೇ ವರ್ಷ ವೃತ್ತಿಶಿಕ್ಷಣದಲ್ಲಿ ಆರ್ಥಿಕವಾಗಿ ದುರ್ಬಲ ಮತ್ತು ಹಿಂದುಳಿದ ವರ್ಗಗಳ ಹುಡುಗಿಯರಿಗೆ ಪೂರ್ಣ ಶುಲ್ಕ ವಿನಾಯಿತಿ ಘೋಷಣೆಯಾಯಿತು. ಅಲ್ಲಿಯೂ ಮಾನದಂಡ ಕುಟುಂಬದ ಆದಾಯವೇ.

ಇಲ್ಲಿನ ಕನ್ನಡಿಗರು ಕೇಳುವ ಇನ್ನೊಂದು ಯೋಜನೆ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಕರ್ನಾಟಕದ ನಿರುದ್ಯೋಗ ಭತ್ಯೆ ಯೋಜನೆ ಯುವನಿಧಿಯೂ ಉನ್ನತ ವ್ಯಾಸಂಗ ಮುಂದುವರಿಸುವವರನ್ನು ಹೊರಗಿಡುತ್ತದೆ. ಕರ್ನಾಟಕದಲ್ಲಿ ಕನಿಷ್ಠ ಆರು ವರ್ಷ ಓದಿರಬೇಕೆಂಬ ನಿಯಮವೂ ಅದರಲ್ಲಿರುವುದರಿಂದ, ಡೊಂಬಿವಲಿಯಲ್ಲೇ ಶಾಲೆ ಕಾಲೇಜು ಮುಗಿಸಿದ ಕನ್ನಡಿಗ ಪದವೀಧರರು ಅದಕ್ಕೆ ಅರ್ಹರಾಗುವುದಿಲ್ಲ. ಮಹಾರಾಷ್ಟ್ರದ ಯೋಜನೆಗಳಿಗೆ ಅವರು ಅಲ್ಲಿನ ವಾಸ್ತವ್ಯವನ್ನು ರುಜುವಾತುಪಡಿಸಬೇಕು.